ಕತ್ತಲಲ್ಲಿ ಕತ್ತರಿ ಸದ್ದು

"ಬಾಗಿಲು ತೆಗೀಬೇಡಿ! ದಯವಿಟ್ಟು ತೆಗೀಬೇಡಿ!"

ಬಚ್ಚಲುಮನೆಯ ಒಳಗಿಂದ ಗಂಡಸಿನ ದನಿ ಕೂಗಿದ ರಭಸಕ್ಕೆ ರಾಗಿಣಿ ಬಾಗಿಲ ಹಿಡಿಯಿಂದ ಕೈ ಕಿತ್ತುಕೊಂಡಳು.

ಮಹಾಲಕ್ಷ್ಮಿ ಲೇಔಟಿನ ಆ ಮನೆಗೆ ಅವಳು ಬಂದು ಐದು ನಿಮಿಷವೂ ಆಗಿರಲಿಲ್ಲ. ಆಟೋದಿಂದ ಇಳಿಯುವಾಗ ರಸ್ತೆ ಅಗೆದ ಕೆಸರಿಗೆ ಕಾಲಿಟ್ಟಿದ್ದಳು. ಮನೆಯ ಯಜಮಾನಿ ಅನಂತಲಕ್ಷ್ಮಿ ಕಾಲು ತೊಳೆದುಕೊಂಡು ಬಾ ಎಂದು ಒಳಗೆ ಕಳಿಸಿದ್ದರು. ಮಗ ಬಚ್ಚಲಲ್ಲಿದ್ದಾನೆ, ಒಳಚಿಲಕ ಕೆಟ್ಟಿದೆ ಅನ್ನುವುದನ್ನು ಮಾತ್ರ ಹೇಳಲು ಮರೆತಿದ್ದರು.

'ಛೆ... ಸ್ನಾನ ಮಾಡ್ತಿರೋರ ಬಾಗಿಲು ತೆಗೆಯೋಕೆ ಹೋದೆನಾ?' ಅವಳಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಹೊರಗೆ ಬಂದವನು ಸ್ನಾನವನ್ನೇನೂ ಮಾಡಿರಲಿಲ್ಲ, ಬೆವರಿನಲ್ಲಿ ತೊಯ್ದುಹೋಗಿದ್ದ. ಎದೆಗವಚಿಕೊಂಡಿದ್ದದ್ದು ಮುಚ್ಚಳ ಬಿಗಿದ ಒಂದು ಕಪ್ಪು ಡಬ್ಬಿ.

"ಸಾರಿ ಮೇಡಂ. ಒಳಗೆ ಫಿಲಂ ಬಿಚ್ಚಿದ್ದೆ. ಚೂರು ಬೆಳಕು ಬಿದ್ರೂ ಎಲ್ಲ ಕಪ್ಪಾಗಿ ಹೋಗುತ್ತೆ."

ಅವನೇ ಗಿರಿರಾಜ್. ವಾರವೆಲ್ಲ ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಭಾನುವಾರ ಬಂತೆಂದರೆ ಬಚ್ಚಲುಮನೆಯಲ್ಲಿ ಹಳೇ ಕಪ್ಪು ಬಿಳುಪು ರೀಲು ತೊಳೆದು ಫೋಟೋ ಬರಿಸುವ ಹುಚ್ಚ. ಈ ಮಹಾಶಯ, ಮನೆಗೆ ಬಂದ ಹುಡುಗಿಗೆ ಕೂತುಕೊಳ್ಳಿ ಎಂದು ಕೂಡ ಹೇಳದೆ, ಕೈಯಲ್ಲಿದ್ದ, ಬೆಳಕು ನುಸುಳದ ಡಬ್ಬಿಯ ಬಗ್ಗೆ ಪಾಠ ಶುರು ಮಾಡಿದ.

ರಾಗಿಣಿ ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರ್. ಅವಳಿನ್ನೂ ಪುಟ್ಟ ಮಗುವಾಗಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅಪ್ಪನಿಗೆ ಫೋಟೋ ಅಂದರೆ ಪ್ರಾಣ. ಮನೆತುಂಬ ಅವರು ತೆಗೆದ ಚಿತ್ರಗಳೇ ಇದ್ದವು. ಆದರೆ ಕ್ಯಾಮೆರಾ ಹಿಡಿದವರು ಫೋಟೋದಲ್ಲಿ ಎಲ್ಲಿರುತ್ತಾರೆ? ಅಪ್ಪ ಮಗಳು ಒಟ್ಟಿಗಿರುವ ಒಂದೇ ಒಂದು ಚಿತ್ರವೂ ಅವಳ ಹತ್ತಿರ ಇರಲಿಲ್ಲ.

ಮೊನ್ನೆ ಅಟ್ಟ ಗುಡಿಸುವಾಗ ಅಪ್ಪನ ಕ್ಯಾಮೆರಾ ಸಿಕ್ಕಿತ್ತು. ಒಳಗೊಂದು ರೀಲು ಇತ್ತು. ಆಗ ಅಮ್ಮ ಶೋಭಾರಾಣಿ ಇಷ್ಟು ವರ್ಷ ಬಾಯಿಬಿಡದ ವಿಷಯ ಹೇಳಿದ್ದರು. ಆ ಕೊನೆಯ ರೀಲು ಅಪ್ಪ ತೆಗೆದದ್ದಲ್ಲ, ಅಮ್ಮ ತೆಗೆದದ್ದು. ನೀನೂ ಕಲಿ ಎಂದು ಅಪ್ಪನೇ ಕ್ಯಾಮೆರಾ ಕೊಟ್ಟು, ಮಗಳ ಜೊತೆ ಎದುರಿಗೆ ಕೂತಿದ್ದರಂತೆ. ಆಮೇಲೆ ತಿಂಗಳೊಪ್ಪತ್ತಿನಲ್ಲೇ ಅವರು ಹೋದರು. ರೀಲು ತೊಳೆಸಿ, ಅದರಲ್ಲಿ ಏನೂ ಬಂದಿಲ್ಲ ಅಂದುಬಿಟ್ಟರೆ ತಡೆದುಕೊಳ್ಳುವುದು ಹೇಗೆ ಎಂದು ಅಮ್ಮ ಕ್ಯಾಮೆರಾವನ್ನು ಅಟ್ಟಕ್ಕೆ ಸೇರಿಸಿದ್ದರು.

ಹಳೇ ರೀಲು ತೊಳೆಯುವವನೊಬ್ಬ ಇದ್ದಾನೆಂದು ತಿಳಿದು ರಾಗಿಣಿ ಆ ರೀಲನ್ನು ಇಲ್ಲಿಗೆ ತಂದಿದ್ದಳು. ಇದನ್ನೆಲ್ಲ ಕೇಳಿ ಗಿರಿರಾಜ್ ರೀಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಗ್ಯಾರಂಟಿ ಕೊಡೋಕಾಗಲ್ಲ ಮೇಡಂ. ಆದ್ರೆ ಅವಸರ ಮಾಡಿ ಹಾಳು ಮಾಡಲ್ಲ."

ಅವನು ನಿಜಕ್ಕೂ ಅವಸರ ಮಾಡಲಿಲ್ಲ. ಒಂದು ಭಾನುವಾರ ಕೆಮಿಕಲ್ ಬಂದಿರಲಿಲ್ಲ. ಮತ್ತೊಂದು ಭಾನುವಾರ ಬಚ್ಚಲಿನ ಕಿಟಕಿಯಲ್ಲಿ ಬೆಳಕು ಸೋರುತ್ತಿತ್ತು. ವಿಚಾರಿಸಲು ಬಂದ ರಾಗಿಣಿ ಕಾಫಿಗೆ ನಿಂತಳು, ಮುಂದಿನ ವಾರ ದೋಸೆಗೂ ನಿಂತಳು. ಈ ಮಗನಿಗೆ ಹೆಣ್ಣು ತೋರಿಸೋಣವೆಂದರೆ ಬಚ್ಚಲು ಸೇರಿಕೊಳ್ಳುತ್ತಾನೆ ಎಂದು ಅನಂತಲಕ್ಷ್ಮಿ ದೂರಿದಾಗ ಅವಳು ನಕ್ಕಳು. ಮನೆಗೆ ಬಂದ ಮೇಲೆ ಮಾತ್ರ ಆ ಮಾತು ಚುಚ್ಚಿತು.

'ನಾನು ಭಾನುವಾರಕ್ಕೆ ಕಾಯ್ತಿರೋದು ರೀಲಿಗಾ... ಅವನಿಗಾ?'

ಕೊನೆಗೂ ಆ ದಿನ ಬಂತು. ಎಲ್ಲರ ಸ್ನಾನ ಮುಗಿದು ಬಚ್ಚಲು ಒರೆಸಿ ಒಣಗಿಸಿದ್ದಾಯಿತು. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಟವೆಲ್ಲು. ತಾನೂ ಒಳಗಿರುತ್ತೇನೆಂದು ರಾಗಿಣಿ ಹಟ ಹಿಡಿದಳು. ಗಿರಿರಾಜ್ ಅಮ್ಮನ ಮುಖ ನೋಡಿದ. ಅನಂತಲಕ್ಷ್ಮಿ ಮೊರದ ತುಂಬ ಅವರೆಕಾಯಿ ತಂದು ಬಾಗಿಲ ಎದುರಿಗೇ ಕೂತರು. ಮನೆಯ ಮರ್ಯಾದೆ ಕಾಯಲು ಅಷ್ಟು ಸಾಕಿತ್ತು!

ದೀಪ ಆರಿತು. ತನ್ನ ಕೈ ತನಗೇ ಕಾಣದ ಕತ್ತಲು. ಪಕ್ಕದಲ್ಲಿ ಅವನ ಉಸಿರು. ಅವನ ತೋಳು ಒಮ್ಮೆ ಅವಳ ತೋಳಿಗೆ ತಗುಲಿ ಥಟ್ಟನೆ ಸರಿಯಿತು. ರೀಲು ಬಿಚ್ಚಿಕೊಳ್ಳುವ ಸಣ್ಣ ಸದ್ದು. ಆಮೇಲೆ...

ಕಚಕ್.

"ಏನದು?"

ಏನೋ ಒಂದು ನೆಲಕ್ಕೆ ಬಿದ್ದ ಸದ್ದು.

"ಏನು ಕತ್ತರಿಸಿದ್ರಿ?"

"ಅದು... ಒಂದು ತುಂಡು..." ಅವನ ನಾಲಿಗೆ ತಡವರಿಸಿತು.

'ಅಪ್ಪನ ರೀಲು ಕತ್ತರಿಸಿಬಿಟ್ಟ!' ರಾಗಿಣಿಗೆ ಬೇರೇನೂ ತೋಚಲಿಲ್ಲ. ಕೈಗೆ ಸಿಕ್ಕ ಹಿಡಿಯನ್ನು ಎಳೆದಳು. ಮಧ್ಯಾಹ್ನದ ಬೆಳಕು ಒಳಗೆ ನುಗ್ಗಿತು. ಗಿರಿರಾಜ್ ಫಿಲಂ ಸುರುಳಿಯನ್ನು ಶರ್ಟಿನೊಳಗೆ ತುರುಕಿಕೊಂಡು ನೆಲಕ್ಕೆ ಬಾಗಿದ. ಅವನ ಕಾಲ ಬಳಿ ಎರಡು ಬೆರಳಗಲದ ತುಂಡು ಬಿದ್ದಿತ್ತು.

"ಮೊದಲು ಬಾಗಿಲು ಹಾಕಿ," ಎಂದನಷ್ಟೆ.

ನಂಬಿದ್ದಕ್ಕೆ ಒಳ್ಳೇ ಕೆಲಸ ಮಾಡಿದಿರಿ ಎಂದು ಅವಳು ಅಂದಳು. ಇನ್ನೂ ಏನೇನೋ ಅಂದಳು. ಅನಂತಲಕ್ಷ್ಮಿ ಕರೆಯುತ್ತಿದ್ದರೂ ತಿರುಗಿ ನೋಡದೆ ಆಟೋ ಹತ್ತಿದಳು. ದಾರಿಯುದ್ದಕ್ಕೂ ಅತ್ತಳು.

ಸಂಜೆ ಅಮ್ಮ ಅಡುಗೆಮನೆಯಿಂದ ಫೋನ್ ಹಿಡಿದೇ ಹೊರಗೆ ಬಂದರು.

"ಆ ಹುಡುಗ ಫೋನ್ ಮಾಡಿದ್ದ ಕಣೇ. ಹಳೇ ಫಿಲಂ ಎಷ್ಟು ಹೊತ್ತು ತೊಳೀಬೇಕು ಅಂತ ಗೊತ್ತಾಗಲ್ವಂತೆ. ಅದಕ್ಕೇ ತುದಿಯಲ್ಲಿ ಒಂದು ತುಂಡು ಕತ್ತರಿಸಿ ಮೊದ್ಲು ಅದನ್ನ ತೊಳೆದು ನೋಡ್ತಾರಂತೆ. ಪಾಕ ಬಂತಾ ಅಂತ ನಾನು ತಟ್ಟೆಗೆ ಒಂದು ತೊಟ್ಟು ಹಾಕಿ ನೋಡಲ್ವಾ, ಹಂಗೆ. ಮುಂಚೆ ಹೇಳದೇ ಇದ್ದಿದ್ದು ನನ್ನದೇ ತಪ್ಪು ಆಂಟಿ ಅಂದ."

ರಾಗಿಣಿ ಕಲ್ಲಾಗಿ ಕೂತಳು.

"ಒಳಗೆ ಬೆಳಕು ಬಿತ್ತು, ಒಂದಷ್ಟು ಫೋಟೋ ಹೋಗಿರಬಹುದು ಅಂತಾನೂ ಅಂದ. ಹೇಗೆ ಬಿತ್ತಪ್ಪಾ ಅಂದ್ರೆ ಹೇಳಲೇ ಇಲ್ಲ." ಅಮ್ಮ ಅವಳ ಮುಖವನ್ನೇ ನೋಡಿದರು. "ಬಾಗಿಲು ತೆಗೆದಿದ್ದು ಯಾರೇ?"

ಅವಳು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದಳು. ಅಪ್ಪನ ಚಿತ್ರ ಹಾಳು ಮಾಡಿದ್ದು ತಾನೇ. ಅದಕ್ಕಿಂತ ಹೆಚ್ಚಾಗಿ, ತನ್ನ ಹೆಸರೆತ್ತದೆ ತಪ್ಪನ್ನೆಲ್ಲ ತಲೆ ಮೇಲೆ ಹಾಕಿಕೊಂಡವನ ಮನಸ್ಸು ನೋಯಿಸಿದ್ದು ಅವಳನ್ನು ಸುಟ್ಟಿತು.

ಮುಂದಿನ ಭಾನುವಾರ ಅಮ್ಮನೇ ಅವಳನ್ನು ಎಳೆದುಕೊಂಡು ಹೊರಟರು. ಗಿರಿರಾಜ್ ಬಾಗಿಲು ತೆರೆದ. ರೀಲು ಕಪ್ಪು ಡಬ್ಬಿಯಲ್ಲಿ ಹಾಗೇ ಇತ್ತು.

"ಯಾಕೆ ತೊಳೀಲಿಲ್ಲ?"

"ನೀವಿಲ್ದೆ ಹೇಗೆ ತೊಳೀಲಿ?"

ರಾಗಿಣಿಯ ಕಣ್ಣು ತುಂಬಿತು. ಬಾಗಿಲು ತೆಗೆದದ್ದು ನಾನು, ಕ್ಷಮಿಸಿ ಎಂದಳು. ಕತ್ತರಿಸುವ ಮುಂಚೆ ಒಂದು ಮಾತು ಯಾಕೆ ಹೇಳಲಿಲ್ಲ ಎಂದೂ ಕೇಳಿದಳು.

ಗಿರಿರಾಜ್ ನೆಲ ನೋಡಿದ. "ಹೇಳ್ಬೇಕು ಅಂತಾನೇ ಇದ್ದೆ. ಕತ್ತಲಲ್ಲಿ ನಿಮ್ಮ ಕೈ ತಾಗ್ತು... ಆಮೇಲೆ ನನಗೆ ಏನೂ ನೆನಪಿಗೆ ಬರಲಿಲ್ಲ."

ಅವಳ ಕೆನ್ನೆ ಕೆಂಪಾಯಿತು. ಹಿಂದೆ ನಿಂತಿದ್ದ ಇಬ್ಬರು ತಾಯಂದಿರೂ ಏನೂ ಕೇಳಿಸದವರಂತೆ ಮೊರ ಹುಡುಕತೊಡಗಿದರು.

ಮತ್ತೆ ದೀಪ ಆರಿತು. ಬೆಳಕು ಬಿದ್ದು ಮೊದಲ ತುಂಡು ಕೆಟ್ಟಿತ್ತು. ಬೆಳಕು ಬಿದ್ದಿರಲಾರದ ಒಳತುದಿಯಿಂದ ಇನ್ನೊಂದನ್ನು ಕತ್ತರಿಸಬೇಕಿತ್ತು, ಅದರಲ್ಲಿ ಒಂದು ಫೋಟೋ ಹೋಗುವುದೂ ಖಂಡಿತ. ಈ ಸಲ ಗಿರಿರಾಜ್ ಉಸಿರಾಡುವುದನ್ನೂ ಹೇಳಿ ಮಾಡಿದ.

"ಈಗ ಕತ್ತರಿ ತಗೋತೀನಿ... ಈಗ ತುದಿ ಹಿಡಿದಿದೀನಿ... ಈಗ ಕತ್ತರಿಸ್ಲಾ?"

"ಕತ್ತರಿಸಿ," ಎಂದಳು ರಾಗಿಣಿ. ಅವಳ ದನಿ ನಡುಗಲಿಲ್ಲ.

"ಒಳಗೇನೋ ಕಾಮೆಂಟರಿ ನಡೀತಿದೆ ಕಣ್ರೀ," ಎಂದರು ಹೊರಗೆ ಅನಂತಲಕ್ಷ್ಮಿ.

ತುಂಡು ತೊಳೆದು ನೋಡಿದ್ದಾಯಿತು. ಎಷ್ಟು ಹೊತ್ತು ಎಂಬ ಲೆಕ್ಕ ಸಿಕ್ಕಿತು. ಉಳಿದ ರೀಲಿನ ಡಬ್ಬಿಗೆ ಕೆಮಿಕಲ್ ಹುಯ್ದು, ತಿರುಗಿಸಿ ತಿರುಗಿಸಿ ಇಡುವ ಕೆಲಸವನ್ನು ಅವನು ರಾಗಿಣಿಗೇ ಬಿಟ್ಟ. ಆಮೇಲೆ ನೀರಿನಲ್ಲಿ ಜಾಲಿಸಿ, ಬಾಲ್ಕನಿಯ ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದರು.

ಅರ್ಧದಷ್ಟು ಕಪ್ಪು ಪಟ್ಟಿಯಾಗಿತ್ತು. ರಾಗಿಣಿ ಕೈ ಜೋಡಿಸಿ ನಿಂತಳು. ಸುರುಳಿಯ ಒಳಭಾಗಕ್ಕೆ ಮಾತ್ರ ಬೆಳಕು ಇಳಿದಿರಲಿಲ್ಲ. ಅಲ್ಲಿ ಸಣ್ಣ ಸಣ್ಣ ಆಕಾರಗಳು ಕಂಡವು. ಗಿರಿರಾಜ್ ಮೊಬೈಲಿನಲ್ಲಿ ಒಂದನ್ನು ಹಿಡಿದು, ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿ, ಅವಳ ಕೈಗೆ ಕೊಟ್ಟ.

ಚಿತ್ರ ಓರೆಯಾಗಿತ್ತು. ಒಂದು ಮೂಲೆಯಲ್ಲಿ ಅಮ್ಮನ ಬೆರಳಿನ ನೆರಳು. ನಡುವೆ ಅಪ್ಪ ನೆಲದ ಮೇಲೆ ಕೂತು ಪುಟ್ಟ ಮಗಳಿಗೆ ಚಪ್ಪಲಿ ತೊಡಿಸುತ್ತಿದ್ದಾರೆ. ಮಗಳು ಅವರ ಕಿವಿ ಹಿಡಿದು ಜಗ್ಗುತ್ತಿದ್ದಾಳೆ. ಅಪ್ಪ ಬಾಯ್ತುಂಬ ನಗುತ್ತಿದ್ದಾರೆ.

"ಅಯ್ಯೋ, ಓರೆ ತೆಗೆದುಬಿಟ್ಟಿದೀನಲ್ಲೇ," ಎಂದರು ಅಮ್ಮ. ನಗುತ್ತಲೇ ಕಣ್ಣೊರೆಸಿಕೊಂಡರು. ಮೊಬೈಲು ಹಿಡಿದುಕೊಂಡು ಅನಂತಲಕ್ಷ್ಮಿಗೆ ತೋರಿಸಲು ಒಳಗೆ ಓಡಿದರು.

ಬಾಲ್ಕನಿಯಲ್ಲಿ ಇಬ್ಬರೇ ಉಳಿದರು.

"ಅರ್ಧ ಹೋಯ್ತು, ನನ್ನಿಂದ," ಎಂದಳು ರಾಗಿಣಿ.

"ಅರ್ಧ ಉಳೀತಲ್ಲ."

"ಇನ್ಮೇಲೆ ಏನೇ ಮಾಡೋದಿದ್ರೂ ನನಗೆ ಮೊದ್ಲೇ ಹೇಳ್ಬೇಕು ನೀವು."

ಗಿರಿರಾಜ್ ಹಗ್ಗದ ಕ್ಲಿಪ್ಪೊಂದನ್ನು ಬಿಗಿ ಮಾಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಈಗ... ನಿಮ್ಮ ಕೈ ಹಿಡ್ಕೋತೀನಿ."

ರಾಗಿಣಿ ಕೈ ಚಾಚಿದಳು. "ಎಷ್ಟು ಹೊತ್ತು?"

"ಬಿಡೋದಿದ್ರೆ ಮೊದ್ಲೇ ಹೇಳ್ತಿದ್ದೆ."