ಐದು ಜನರ ಕಾರು

"ಮನೇಲಿ ಎಷ್ಟು ಜನ?"

ಸಲಹೆಗಾರ್ತಿ ಕೇಳಿದ ಮೊದಲ ಪ್ರಶ್ನೆಯೇ ಅದು. ಹಲ್ಲಿನ ಸೆಟ್ ಮಾಡುವವನು ತಡವರಿಸಿದ. ಅವನ ಹಿಂದೆ ಒಂದು ತುಂಬು ಸಂಸಾರ ಸರದಿಗೆ ಕಾದು ನಿಂತಿತ್ತು. ಅಜ್ಜಿಯ ಕಂಕುಳಲ್ಲಿ ಮಗು, ಮಗುವಿನ ಕೈಯಲ್ಲಿ ಅಪ್ಪನ ಕನ್ನಡಕ. ಅವರೆದುರು 'ನಾನೊಬ್ಬನೇ' ಎನ್ನಲು ನಾಲಿಗೆ ಏಳಲಿಲ್ಲ.

"ಐದು," ಎಂದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರುಂಟು. ಇವನು ಮದುವೆಗೂ ಮುಂಚೆ ಮೂರು ಸಾಲು ಸೀಟಿನ ಕಾರಿನೊಳಗೆ ತಲೆ ಹಾಕಿದ.

ಅದು ಗ್ರಾಹಕರ ಸಂಘದ ಹಾಲ್. ಅಲ್ಲಿ ಯಾರೂ ಏನನ್ನೂ ಮಾರುವುದಿಲ್ಲ. ಎರಡು ಎಲೆಕ್ಟ್ರಿಕ್ ಎಸ್‌ಯುವಿಗಳು, ಒಂದು ಬಿಳಿ, ಒಂದು ಹಸಿರು, ಮಾತು ಬಿಟ್ಟ ನೆಂಟರ ಹಾಗೆ ಅಕ್ಕಪಕ್ಕ ನಿಂತಿದ್ದವು. ಬಂದವರ ಬದುಕಿಗೆ ಇವುಗಳಲ್ಲಿ ಯಾವುದು ಒಗ್ಗುತ್ತದೆ ಎಂದು ಹೇಳುವುದು ಸಲಹೆಗಾರ್ತಿಯ ಕೆಲಸ. ಕೊರಳಲ್ಲಿ ಸರದ ಬದಲು ಅಳತೆ ಟೇಪು.

"ಬಿಳಿದು ಕೊಳ್ಳುವಾಗ ನಗಿಸುತ್ತೆ. ಬೆಲೆ ಕಮ್ಮಿ, ಇನ್ಶೂರೆನ್ಸ್ ಹಗುರ, ಟೈರು ಎಲ್ಲಿ ಬೇಕಾದ್ರೂ ಸಿಗುತ್ತೆ. ಹಸಿರದು ಮಾರುವಾಗ ನಗಿಸುತ್ತೆ. ಬ್ಯಾಟರಿ ದೊಡ್ಡದು, ವಾರಂಟಿ ಉದ್ದ, ಹಳೇದಾದ್ರೂ ಬೆಲೆ ನಿಲ್ಲುತ್ತೆ. ಮಧ್ಯದ ವರ್ಷಗಳಲ್ಲಿ ಯಾವುದು ಜಾಸ್ತಿ ಅಳಿಸುತ್ತೆ ಅನ್ನೋದೇ ಲೆಕ್ಕ. ಮಕ್ಕಳು ಎಷ್ಟು ದೊಡ್ಡವರು?"

ವಯಸ್ಸು ಅವನಿಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದದ್ದು ಹಲ್ಲು.

"ದೊಡ್ಡವನಿಗೆ ಕೋರೆಹಲ್ಲು ಬರ್ತಾ ಇದೆ. ಚಿಕ್ಕವಳಿಗೆ ಮುಂದಿನದೆರಡು ಬಿದ್ದಿದೆ."

ಅವಳು ತಲೆ ಎತ್ತಿ ನೋಡಿದಳು. ನಗು ತುಟಿಗೆ ಬಂದು, ಕೆಲಸದ ಹೊತ್ತೆಂದು ನೆನಪಾಗಿ, ಅಲ್ಲೇ ನಿಂತಿತು. ದಿನವಿಡೀ ಪ್ಲಾಸ್ಟರಿನಲ್ಲಿ ಪರರ ನಗುವನ್ನು ಎರಕ ಹೊಯ್ಯುವವನಿಗೆ ಅಂಥ ಅರ್ಧ ನಗು ಹೊಸದು. ಅದರ ಅಚ್ಚು ತೆಗೆಯಲಾಗದು.

ಮುಂದಿನ ಶನಿವಾರವೂ ಹೋದ. ಅದರ ಮುಂದಿನ ವಾರವೂ.

"ಸಾರ್, ಹೀಗೆ ನೋಡ್ತಾ ಇದ್ರೆ ಕಾರಿಗೇ ನಾಚಿಕೆ ಆಗುತ್ತೆ," ಎಂದ ಬಾಗಿಲ ಕಾವಲಿನವನು.

ಸುಳ್ಳಿಗೆ ಸಂಸಾರ ಬೆಳೆಯಿತು. ಅತ್ತೆಗೆ ಮಂಡಿನೋವು ಬಂತು. ಹಸಿರು ಕಾರಿನ ಮೆಟ್ಟಿಲು ಎತ್ತರವಾಯಿತು. ಚಿಕ್ಕವಳಿಗೆ ಕಾರಿನಲ್ಲಿ ವಾಂತಿಯಾಗತೊಡಗಿತು. "ಹಲ್ಲು ಬಂತಾ ಅವಳಿಗೆ?" ಎಂದು ಸಲಹೆಗಾರ್ತಿ ಪ್ರತಿ ವಾರ ಕೇಳುವಳು. "ತುದಿ ಕಾಣ್ತಿದೆ," ಎನ್ನುವನು.

"ನಿಮ್ಮ ಮನೆಯವರ ಎತ್ತರ?"

"ನಿಮ್ಮಷ್ಟೇ."

ಅವಳು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದು ನೋಡಿದಳು. ಅವನು ಸ್ಟೀರಿಂಗ್ ಹಿಡಿದು ಕೂತಿದ್ದ. ಕಾರು ನಿಂತಲ್ಲೇ ನಿಂತಿತ್ತು. ಮುಂದಿನ ಗಾಜಿನಾಚೆ ಹಾಲ್‌ನ ಬರಿ ಗೋಡೆ. ಆದರೂ ಇಬ್ಬರೂ ಅದನ್ನು ರಸ್ತೆ ನೋಡಿದಂತೆ ನೋಡಿದರು.

"ಅವರಿಗೆ ಆರಾಮಾಗಿರುತ್ತೆ," ಎಂದಳು, ಬೆಲ್ಟ್ ಬಿಚ್ಚುತ್ತಾ. "ಪುಣ್ಯವಂತರು."

ಆ ಮಾತಿನ ಕೊನೆಯಲ್ಲಿ ಅವಳ ದನಿ ಇಳಿದದ್ದು ಅವನಿಗೆ ಕೇಳಿಸಿತು. ಅಂದು ಮನೆಗೆ ಹೋಗಿ ದೀಪ ಹಾಕಿದರೆ ಒಂದು ತಟ್ಟೆ, ಒಂದು ಲೋಟ, ಕಿಟಕಿಯ ಹತ್ತಿರ ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ. ಇವತ್ತು ಇಲ್ಲಿ ನಾಲ್ವರು ಕಡಿಮೆ ಇದ್ದಾರೆ ಅನ್ನಿಸಿತು. ಮೊದಲೆಂದೂ ಹಾಗೆ ಅನ್ನಿಸಿರಲಿಲ್ಲ.

ಅವಳದೊಂದು ನಿಯಮವಿತ್ತು. ಮನೆಮಂದಿಯೆಲ್ಲ ಬಂದು, ಎರಡೂ ಕಾರಿನಲ್ಲಿ ಕೂತು ಎದ್ದ ಹೊರತು ಕೊನೆಯ ಸಲಹೆ ಕೊಡುತ್ತಿರಲಿಲ್ಲ. "ಗಂಡಸರು ಬಂದು ಹೆಂಡತಿ ಬೆನ್ನಿಗೆ ಸೀಟು ಆರಿಸ್ತಾರೆ. ಆಮೇಲೆ ಬೈಸ್ಕೊಳ್ಳೋದು ನಾನು. ಮುಂದಿನ ಶನಿವಾರ ಎಲ್ಲರನ್ನೂ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಇನ್ನು ಬರಬೇಡಿ."

ಅವನು ಒಬ್ಬನೇ ಬಂದ. ಅವಳು ಹಸಿರು ಕಾರಿನ ಮೂರನೇ ಸಾಲು ಬಿಡಿಸಿ, ಎಲ್ಲಿಂದಲೋ ಎರವಲು ತಂದ ಮಕ್ಕಳ ಸೀಟನ್ನು ಕಿಟಕಿ ಪಕ್ಕ ಕಟ್ಟಿದ್ದಳು.

"ಎಲ್ಲಿ ಅವರೆಲ್ಲ? ಪಾರ್ಕಿಂಗ್‌ನಲ್ಲಿದ್ದಾರಾ?"

"ಇಲ್ಲ."

ಅವಳ ಮುಖ ಬಿಳುಚಿತು. "ಏನಾಯ್ತು ಅವರಿಗೆ?"

"ಏನೂ ಆಗಿಲ್ಲ. ಯಾರೂ ಇರಲೇ ಇಲ್ಲ. ಮನೇಲಿ ನಾನೊಬ್ಬನೇ."

ಅವಳು ಕಾರಿನ ಡಿಕ್ಕಿಯ ಅಂಚಿನಲ್ಲಿ ಕೂತಳು.

"ಚಿಕ್ಕವಳೂ?"

"ಚಿಕ್ಕವಳೂ."

"ವಾಂತಿ ಆಗುತ್ತೆ ಅಂದ್ರಿ. ಯಾವ ಕಾರು ಕಮ್ಮಿ ಕುಲುಕುತ್ತೆ ಅಂತ ನಾನು ಸಿಕ್ಕಿದ್ದೆಲ್ಲ ಓದಿದೆ. ಇವತ್ತು ಅವಳನ್ನ ಹೇಗೆ ಮಾತಾಡಿಸ್ಬೇಕು ಅಂತ ಬಸ್ಸಲ್ಲಿ ಯೋಚನೆ ಮಾಡ್ಕೊಂಡು ಬಂದೆ." ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತಿಕೊಂಡಳು. "ಯಾಕೆ ಬರ್ತಾ ಇದ್ರಿ?"

"ಮೊದಲನೇ ಸಲ ಸುಳ್ಳು ಹೇಳಿದ್ದು ನಾಚಿಕೆಗೆ. ಆಮೇಲೆ ಹೇಳಿದ್ದೆಲ್ಲ ನಿಮ್ಮನ್ನ ನೋಡೋಕೆ."

"ಇಲ್ಲದ ಹೆಂಡತಿ ಮೇಲೆ ನನಗೆ ಹೊಟ್ಟೆಕಿಚ್ಚು ಬರಿಸಿದ್ರಲ್ಲ." ಅವಳು ನಗಲಿಲ್ಲ. ಎದ್ದು, ಕೆಲಸದ ದನಿಯಲ್ಲಿ ಹೇಳಿದಳು, "ಸಲಹೆ ಕೇಳ್ಕೊಳ್ಳಿ. ನಿಮಗೆ ಎರಡೂ ಬೇಡ. ಕ್ಲಿನಿಕ್ಕಿಗೆ ಹಲ್ಲಿನ ಸೆಟ್ಟಿನ ಡಬ್ಬಿ ಮುಟ್ಟಿಸೋಕೆ ಟ್ಯಾಕ್ಸಿ ಸಾಕು. ಒಂಟಿ ಮನುಷ್ಯನ ಮನೆ ಮುಂದೆ ವಾರವೆಲ್ಲ ನಿಂತಿರೋ ಕಾರು ಅಂದ್ರೆ ಆನೆ ಸಾಕಿದ ಹಾಗೆ. ಓಡದಿದ್ರೂ ತಿನ್ನುತ್ತೆ. ಹೋಗಿ ಬನ್ನಿ."

ಅವನು ಹೊರಟ. ಕಾವಲಿನವನು ಅಂದು ಎದ್ದು ಬಾಗಿಲು ತೆರೆದು ಹಿಡಿದ.

ಬಸ್‌ಸ್ಟಾಪಿನಲ್ಲಿ ಅವನ ಬಸ್ಸು ಬಂದು ಹೋಯಿತು, ಇನ್ನೊಂದೂ ಹೋಯಿತು. ಅವನು ಹತ್ತಲಿಲ್ಲ. ಹಾಲ್ ಮುಚ್ಚುವ ಹೊತ್ತಿಗೆ ಅವಳು ಬಂದಳು. ಅವನನ್ನು ಕಂಡು, ಕಾಣದವಳಂತೆ ಪಕ್ಕದಲ್ಲಿ ನಿಂತಳು.

"ಸುಳ್ಳು ಹೇಳೋರ ಜೊತೆ ನಾನು ಮಾತಾಡಲ್ಲ."

"ಸರಿ."

ಅವಳ ಬಸ್ಸು ಬಂತು. ಹತ್ತಿ, ಕಿಟಕಿ ಪಕ್ಕ ಕೂತು, ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಮರುಕ್ಷಣ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡಿದಳು, ಅವನನ್ನೇ. ಅವನು ಓಡಿ ಹತ್ತಿದ.

ಅವಳ ಪಕ್ಕದ ಸೀಟಿನಲ್ಲಿ ಕೂತ. ಅಂಗಡಿಗಳ ದೀಪ ಅವಳ ಮುಖದ ಮೇಲೆ ಬಂದು ಬಂದು ಹೋಯಿತು.

"ಚಿಕ್ಕವಳಿಗೆ ಹೆಸರೇನಿಟ್ಟಿದ್ರಿ?" ಎಂದು ಕೇಳಿದಳು.

"ಹೆಸರಿಟ್ಟಿರಲಿಲ್ಲ."

"ಒಳ್ಳೇದಾಯ್ತು." ಅವಳು ಕಿಟಕಿಯ ಕಡೆ ತಿರುಗಿದಳು. "ಇಟ್ಟಿದ್ರೆ ಮರೆಯೋದು ಇನ್ನೂ ಕಷ್ಟ ಆಗ್ತಿತ್ತು."

ತಿರುವಿನಲ್ಲಿ ಬಸ್ಸು ವಾಲಿದಾಗ ಅವಳ ಭುಜ ಅವನ ಭುಜಕ್ಕೆ ತಾಗಿತು. ರಸ್ತೆ ನೇರವಾದ ಮೇಲೂ ಅವಳು ಸರಿಯಲಿಲ್ಲ.