ಗೀರು ನಿಲ್ಲದ ಬಣ್ಣ

ಸ್ಪ್ರೇ ಗನ್ನಿನಿಂದ ಹೊಮ್ಮಿದ ಬಿಳಿ ಬಣ್ಣ ಕಾರಿನ ಬಾಗಿಲ ಮೇಲೆ ದಪ್ಪಗೆ ಬಿದ್ದು ಕೆಳಗಿಳಿಯತೊಡಗಿತು. ನಾಲ್ಕು ಬೆರಳು ಇಳಿದದ್ದು ತಡೆದು ನಿಂತು, ಹಾಗೇ ಮೇಲಕ್ಕೆ ಹಿಂದಿರುಗಿ ಸಮವಾಯಿತು! ದಾವಲಸಾಬ ಬಾಯಿ ಬಿಟ್ಟುಕೊಂಡು ನೋಡಿದ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಬಣ್ಣ ಹೊಡೆದವನು. ಇಳಿದ ಬಣ್ಣವನ್ನು ತಿಕ್ಕಿ ಮತ್ತೆ ಹೊಡೆಯುವುದರಲ್ಲೇ ಅರ್ಧ ಆಯುಷ್ಯ ಸವೆಸಿದ್ದ.

"ಜಾದೂ ಏನಲ್ರಿ," ಎಂದರು ಆ ಬಣ್ಣ ಕಂಡುಹಿಡಿದ ವಿಜ್ಞಾನಿ ವಸುಧಾ ಕಟ್ಟೀಮನಿ. "ಇದರಾಗ ಸ್ಮೃತಿಕಣ ಅದಾವ. ಮೈ ಹೆಂಗ ಸಪಾಟ ಇರಬೇಕು ಅನ್ನೋದು ಅವಕ್ಕ ಗೊತ್ತು. ಒಣಗಿದ ಮ್ಯಾಲೂ ಗೀರು ಬಿದ್ರ ಗಳಿಗ್ಯಾಗ, ತಗ್ಗು ಬಿದ್ರ ತಾಸಿನಾಗ ತುಂಬಿಕೋತಾವ."

ಮುಂದೆ ಆ ಕಣಗಳಿಗೆ ಉಳಿದ ಪಾಠ ಹೇಳಿದವನು ದಾವಲಸಾಬನೇ. ಧೂಳಿನ ಕಾಳು, ಕಿತ್ತಳೆ ಸಿಪ್ಪೆಯಂಥ ತರಿ, ಎಣ್ಣೆಜಿಡ್ಡಿಗೆ ಏಳುವ ಗುಳಿ, ಎಲ್ಲ ದೋಷಗಳನ್ನೂ ವರ್ಷವಿಡೀ ಬೇಕೆಂದೇ ಮಾಡಿ ತೋರಿಸಿದ. ಕೊನೆಗೆ ವಸುಧಾ ಕೇಳಿದರು: ತುಂಬಿಕೊಂಡ ಜಾಗದಲ್ಲಿ ತೆಳ್ಳನೆಯ ಗೆರೆಯೊಂದನ್ನು ಗುರುತಿಗೆ ಉಳಿಸಲೇ?

"ಛೇ ಛೇ, ಬಾಯಾರ! ತೇಪಿ ಹಚ್ಚಿದ್ದು ಕಂಡ್ರ ಪೇಂಟರ್‌ನ ಮಾನ ಹೋದಂಗ. ತಗೀರಿ ಅದನ್ನ."

ಅವರು ತೆಗೆದರು. ಮೂರು ವರ್ಷದಲ್ಲಿ ಊರಿನ ವಾಹನಗಳಿಗೆಲ್ಲ ಅದೇ ಬಣ್ಣ ಬಂತು.

ಒಂದು ಬೆಳಗ್ಗೆ ಹಾಲು ತರಲು ಹೋದ ಅವನ ಹೆಂಡತಿ ಹುಸೇನಬಿಗೆ ಬಿಳಿ ಕಾರೊಂದು ಗುದ್ದಿ, ನಿಲ್ಲದೆ ಹೋಯಿತು. ಆಕೆ ರಸ್ತೆಯಲ್ಲೇ ಸತ್ತಳು. ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ ಹೇಳುವವರು ಹೇಳಲಿ. ಇಲ್ಲಿ ಮಾಡಿದವರು ಯಾರು, ಉಂಡವಳು ಯಾರು! ಚಹಾದಂಗಡಿಯವನು ಕಾರಿನ ನಂಬರ್ ಹೇಳಿದ. ಪೊಲೀಸರು ದಾವಲಸಾಬನನ್ನು ಕರೆದುಕೊಂಡು ಮಾಲೀಕನ ಮನೆ ಹುಡುಕಿ ಹೋಗುವಷ್ಟರಲ್ಲಿ ಮಧ್ಯಾಹ್ನ. ಕಾರನ್ನು ತೊಳೆದು ನಿಲ್ಲಿಸಿದ್ದರು.

"ಗಾಡಿ ಮ್ಯಾಲ ಒಂದು ಗೀರೂ ಇಲ್ಲ," ಎಂದರು ಇನ್‌ಸ್ಪೆಕ್ಟರ್. "ಬರೇ ಒಬ್ಬನ ಮಾತಿಗೆ ಕೇಸು ನಿಲ್ಲಂಗಿಲ್ರಿ."

ದಾವಲಸಾಬ ಕಾರಿನ ಮುಂಭಾಗವನ್ನು ನಿಧಾನವಾಗಿ ಸವರಿದ. ಕಣ್ಣಿಗೆ ಕಾಣದ ತರಿಯನ್ನೂ ಹಿಡಿಯುವ ಅಂಗೈ ಅದು. ಏನೂ ಸಿಗಲಿಲ್ಲ. ಇಷ್ಟು ನುಣುಪಾದ ಮೈಯನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಕಿಸೆಯಿಂದ ಕೀಲಿಕೈ ತೆಗೆದು ಬಾನೆಟ್ಟಿನ ಉದ್ದಕ್ಕೂ ಗೀರಿದ.

"ಸತ್ತಾಳಲೇ ಆಕಿ! ನನ್ನ ಹುಸೇನಬಿ ಸತ್ತಾಳ!"

ಪೊಲೀಸನೊಬ್ಬ ಅವನ ರಟ್ಟೆ ಹಿಡಿದ. ಕಾರಿನ ಮಾಲೀಕ ಮಾತ್ರ ಸಿಟ್ಟಾಗಲಿಲ್ಲ.

"ಬಿಡ್ರಿ ಸಾಹೇಬ್ರ, ಪಾಪ, ದುಃಖದಾಗ ಅದಾನ. ಗಾಡಿಗೇನೂ ಆಗಂಗಿಲ್ಲ."

ಗೀರು ಆಗಲೇ ಎರಡೂ ತುದಿಯಿಂದ ಮುಚ್ಚಿಕೊಳ್ಳುತ್ತ ಬರುತ್ತಿತ್ತು. ದಾವಲಸಾಬ ಕೊಸರಿಕೊಂಡು ಅದರೊಳಗೆ ಉಗುರು ತೂರಿಸಿ, ಅಗಲಿಸಿ ಹಿಡಿಯಲು ನೋಡಿದ. ಅದು ಅವನ ಬೆರಳನ್ನು ಮೆಲ್ಲಗೆ ಹೊರಗೆ ತಳ್ಳಿ ಮುಚ್ಚಿಕೊಂಡಿತು.