ಎರಡು ಹನಿ ನೀಲಗಿರಿ ಎಣ್ಣೆ

ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಕೂಡಲೇ ಸಬ್ ಇನ್ಸ್‌ಪೆಕ್ಟರ್ ತನುಜಾಳ ಕಟ್ಟಿದ್ದ ಮೂಗು ಬಿಟ್ಟುಕೊಂಡಿತು. ನೀಲಗಿರಿ ಎಣ್ಣೆಯ ಘಾಟು ಅಷ್ಟು ಜೋರಾಗಿತ್ತು. ನೆಲದ ಮೇಲೆ ಎಣ್ಣೆ ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿತ್ತು.

೧೯೯೭ರ ಡಿಸೆಂಬರ್. ಭದ್ರಾವತಿ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸು. ಬೆಳಿಗ್ಗೆ ಹತ್ತೂವರೆ. ಒಂದು ಗಂಟೆಯ ಹಿಂದೆ ಇದೇ ಅಡುಗೆಮನೆಯಲ್ಲಿ ಮಧುಶ್ರೀ ಎಂಬ ಇಪ್ಪತ್ತಾರರ ಹೆಣ್ಣುಮಗಳಿಗೆ ಬೆಂಕಿ ಹತ್ತಿಕೊಂಡಿತ್ತು. ಕಿರುಚಾಟ ಕೇಳಿ ಅಕ್ಕಪಕ್ಕದವರು ಹಿತ್ತಲ ಕಡೆಯಿಂದ ಓಡಿಬಂದು ಗೋಣಿಚೀಲ ಸುತ್ತಿ ಆರಿಸಿದ್ದರು. ಜೀವವಿತ್ತು. ಗಂಡ ಧರ್ಮೇಂದ್ರ ಅವಳನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದ.

ಅತ್ತೆ ಶಂಕರಮ್ಮ ನಡುಮನೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಕಣ್ಣಲ್ಲಿ ನೀರಿರಲಿಲ್ಲ.

“ನೆಗಡಿ ಅಂತ ಆವಿ ತಗೊಳ್ಳೋಕೆ ಕೂತ್ಲು ಕಣಮ್ಮ. ಸ್ಟೌವ್ ಮೇಲೆ ನೀರು, ತಲೆ ಮೇಲೆ ಕಂಬಳಿ. ಉರಿಯೋ ಸ್ಟೌವ್ ಮುಂದೇನೇ ಬಾಟ್ಲಿ ಬಗ್ಗಿಸಿದ್ಲು. ಭಗ್ ಅಂತು. ನನ್ನ ಮಗ ಬಚ್ಚಲಲ್ಲಿದ್ದ.”

“ಎಣ್ಣೆ ಎಲ್ಲಿಂದ ಬಂತು?”

“ಇನ್ನೆಲ್ಲಿಂದ? ಅವರಪ್ಪ ರಂಗಪ್ಪ ಆಯನೂರಲ್ಲಿ ಭಟ್ಟಿ ಇಟ್ಟಿದಾನಲ್ಲ, ನೀಲಗಿರಿ ಸೊಪ್ಪು ಬೇಯಿಸಿ ಎಣ್ಣೆ ಇಳಿಸೋ ಭಟ್ಟಿ. ಏನು ಬೆರಕೆ ಮಾಡಿ ಕಳಿಸಿದ್ನೋ ಪುಣ್ಯಾತ್ಮ!”

ಹೆಡ್ ಕಾನ್‌ಸ್ಟೇಬಲ್ ಮಂಜಪ್ಪ ಬರೆದುಕೊಂಡರು. ಮೂವತ್ತು ವರ್ಷದ ಸರ್ವಿಸು. ಇಂಥ ಹೇಳಿಕೆಗಳನ್ನು ಕೇಳದೆಯೂ ಬರೆಯಬಲ್ಲರು.

“ಆಕಸ್ಮಿಕ ಅಂತ ಹಾಕಿಬಿಡ್ಲಾ ಮೇಡಂ?”

ಆ ಪದ ಕೇಳಿದರೆ ತನುಜಾಳಿಗೆ ಮೈ ಉರಿಯುತ್ತಿತ್ತು. ಆ ವರ್ಷ ಅವಳು ನೋಡಿದ ನಾಲ್ಕನೇ ಸ್ಟೌವ್ ಇದು. ಎಂಥ ಜಾಣ ಸ್ಟೌವುಗಳು ನೋಡಿ! ಅತ್ತೆ ಕಾಫಿ ಕಾಯಿಸುವಾಗ ಇವಕ್ಕೆ ಏನೂ ಆಗುವುದಿಲ್ಲ. ಮಗ ಸ್ನಾನದ ನೀರು ಕಾಯಿಸಿಕೊಂಡರೂ ತೆಪ್ಪಗಿರುತ್ತವೆ. ಸೊಸೆ ಬಂದು ಕೂತಳೋ, ಸಿಟ್ಟು ನೆತ್ತಿಗೇರುತ್ತದೆ.

“ಈಗಲೇ ಏನೂ ಹಾಕಬೇಡಿ ಮಂಜಪ್ಪನೋರೆ.”

ಅವಳು ಬಗ್ಗಿ ನೋಡಿದಳು. ಸ್ಟೌವ್ ನೆಟ್ಟಗಿತ್ತು. ಪಕ್ಕದಲ್ಲಿ ಲೇಬಲ್ಲಿಲ್ಲದ ಒಂದು ಕ್ವಾರ್ಟರ್ ಬಾಟ್ಲಿ, ತಳದಲ್ಲಿ ಒಂದಿಷ್ಟು ಎಣ್ಣೆ. ಮಣೆಯ ಮೇಲೆ ಕಂಬಳಿ. ಬಿಡಿಸಿ ನೋಡಿದಳು. ಒಂದು ಎಳೆಯೂ ಸುಟ್ಟಿರಲಿಲ್ಲ.

ಹೊರಗೆ ಪಕ್ಕದ ಮನೆಯ ಜಗದಾಂಬಾ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

“ನೀಲಗಿರಿ ಎಣ್ಣೆ ಅಂದ್ರೆ ಮಧುಗೆ ಪ್ರಾಣ ಮೇಡಂ. ನೆಗಡಿಗೆ ಕರ್ಚೀಫಿಗೆ ಎರಡು ಹನಿ. ಮಂಡಿನೋವಿಗೆ ಕೊಬ್ಬರಿ ಎಣ್ಣೆ ಜೊತೆ ಬೆರೆಸಿ ತಿಕ್ಕೋದು. ನೆಲ ಒರೆಸೋ ನೀರಿಗೂ ಅದೇ, ತಿಗಣೆಗೂ ಅದೇ. ಈ ಸಾಲಿನ ಮನೆಗೆಲ್ಲ ಅವಳೇ ಹಂಚೋಳು.”

ಮಂಜಪ್ಪ ಕೆಮ್ಮಿದರು. ಅದರ ಅರ್ಥ ತನುಜಾಳಿಗೆ ಗೊತ್ತಿತ್ತು. ಸಾಕ್ಷಿ ಅತ್ತೆಯ ಕಡೆಗೇ ವಾಲುತ್ತಿತ್ತು.

*

ಮಧ್ಯಾಹ್ನ ಠಾಣೆಗೆ ಬಂದರೆ ಬೆಂಚಿನ ಮೇಲೆ ಒಬ್ಬ ಮುದುಕ ತಲೆ ಬಗ್ಗಿಸಿ ಕೂತಿದ್ದ. ರಂಗಪ್ಪ. ಆಸ್ಪತ್ರೆಯಿಂದಲೇ ಅಳಿಯ ದೂರು ಬರೆದು ಕಳಿಸಿದ್ದ: ಬೆರಕೆ ಎಣ್ಣೆ ಕೊಟ್ಟು ನನ್ನ ಹೆಂಡತಿಯ ಪ್ರಾಣಕ್ಕೆ ಅಪಾಯ ತಂದ ಮಾವನ ಮೇಲೆ ಕ್ರಮ ಕೈಗೊಳ್ಳಬೇಕು. ದೂರಿನ ಹಿಂದೆಯೇ ಮೇಲಿನವರ ಫೋನು ಬಂದಿತ್ತು. ಮಗಳು ಸುಟ್ಟುಕೊಂಡು ಮಲಗಿದ್ದಾಳೆ, ಅಪ್ಪ ಅವಳ ಮುಖ ನೋಡುವ ಬದಲು ಠಾಣೆಯ ಬೆಂಚು ಕಾಯುತ್ತಿದ್ದಾನೆ. ತನುಜಾ ಟೋಪಿ ತೆಗೆದು ಮೇಜಿನ ಮೇಲೆ ಕುಕ್ಕಿದಳು.

“ನನ್ನ ಎಣ್ಣೆನೇ ನನ್ನ ಮಗಳನ್ನ ಸುಟ್ತಾ ಅಮ್ಮಾ?” ಮುದುಕ ಕೇಳಿದ. “ಹಂಗಿದ್ರೆ ಒಳಗೇ ಹಾಕ್ಬಿಡಿ ನನ್ನ.”

“ಬೆರಕೆ ಮಾಡ್ತೀಯೇನಪ್ಪಾ?”

“ಬೆರಕೆ ಮಾಡೋ ಕೈ ಇದ್ದಿದ್ರೆ ಇಷ್ಟೊತ್ತಿಗೆ ಮಾಳಿಗೆ ಮನೆ ಕಟ್ಟಿರ್ತಿದ್ದೆ.” ಅವನು ಕಣ್ಣೊರೆಸಿಕೊಂಡ. “ಅವಳು ಭಟ್ಟಿ ಮುಂದೆ ಬೆಳೆದೋಳಮ್ಮ. ಎಣ್ಣೆ ಇಳಿಯೋ ಕಡೆ ಆಳುಗಳು ಬೀಡಿ ಹಚ್ಚಿದ್ರೆ ಕಿತ್ತು ಬಿಸಾಕೋಳು. ಆವಿಗೆ ಮೊದಲು ಒಲೆ ಆರಿಸ್ಬೇಕು, ಪಾತ್ರೆ ಕೆಳಗಿಳಿಸ್ಬೇಕು, ಆಮೇಲೆ ಎರಡೇ ಹನಿ. ಎಣ್ಣೆ ಒಯ್ಯೋರಿಗೆಲ್ಲ ಅವಳೇ ಪಾಠ ಹೇಳೋಳು. ಉರಿಯೋ ಸ್ಟೌವ್ ಮುಂದೆ ಬಾಟ್ಲಿ ಬಗ್ಗಿಸಿದ್ಲು ಅಂದ್ರೆ ಹೆಂಗೆ ನಂಬ್ಲಿ?”

ತನುಜಾ ನಂಬಲಿಲ್ಲ. ಆದರೆ ಅಪ್ಪನ ಮಾತು ಕೋರ್ಟಿಗೆ ಸಾಲದು.

*

ದೊಡ್ಡಾಸ್ಪತ್ರೆಯ ಡಾಕ್ಟರು ಚೀಟಿ ನೋಡಿ ಹೇಳಿದರು. “ಬೆನ್ನು, ಸೊಂಟದ ಹಿಂಭಾಗ ಸುಟ್ಟಿದೆ. ಬದುಕ್ತಾಳೆ. ಒಂದೂವರೆ ಎರಡು ತಿಂಗಳಲ್ಲಿ ಮನೆಗೆ ಕಳಿಸಬಹುದು.”

“ಮುಖ?”

“ಮುಖ, ಕೂದಲು, ಕೈ ಎಲ್ಲ ಚೆನ್ನಾಗಿದೆ. ಅದೃಷ್ಟ.”

ಬಿಸಿ ಪಾತ್ರೆಯ ಮೇಲೆ ಮುಖ ಬಗ್ಗಿಸಿದವಳಿಗೆ ಬೆಂಕಿ ಹಿಂದಿನಿಂದ ಹತ್ತಿತಂತೆ. ಇದು ಅದೃಷ್ಟವಲ್ಲ, ಹಸಿ ಸುಳ್ಳು.

ವಾರ್ಡಿನಲ್ಲಿ ಧರ್ಮೇಂದ್ರ ಹೆಂಡತಿಗೆ ಚಮಚದಲ್ಲಿ ಎಳನೀರು ಕುಡಿಸುತ್ತಿದ್ದ. ನರ್ಸುಗಳು ಅವನನ್ನು ಮೆಚ್ಚಿಕೊಂಡು ಮಾತಾಡುತ್ತಿದ್ದರು. ತನುಜಾ ಮಂಚದ ಪಕ್ಕ ನಿಂತಳು.

“ಏನಾಯ್ತಮ್ಮಾ?”

ಮಧುಶ್ರೀ ಗಂಡನನ್ನು ನೋಡಿದಳು. ಆಮೇಲೆ ಗೋಡೆಯನ್ನು ನೋಡಿದಳು. “ಸ್ಟೌವ್… ನನ್ನದೇ ತಪ್ಪು. ಯಾರ ಮೇಲೂ ದೂರಿಲ್ಲ.”

“ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೋತೀನಿ ಮೇಡಂ,” ಎಂದ ಧರ್ಮೇಂದ್ರ.

ಯಾವ ಮನೆಗೆ? ಅದೇ ಅಡುಗೆಮನೆಗೆ! ಕೇಸು ಆಕಸ್ಮಿಕ ಅಂತ ಮುಗಿದರೆ ಈ ಹುಡುಗಿ ಮತ್ತೆ ಅದೇ ಸ್ಟೌವಿನ ಮುಂದೆ ಕೂರಬೇಕು. ಎರಡನೇ ಸಲ ಅವರು ಅರ್ಧಕ್ಕೆ ಬಿಡುವುದಿಲ್ಲ. ತನುಜಾ ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು.

*

ಮಾರನೆಯ ದಿನ ಮತ್ತೆ ನ್ಯೂ ಟೌನು. ಶಂಕರಮ್ಮನಿಗೆ ಈಗ ಮಾತಿನ ಹುರುಪು ಬಂದಿತ್ತು. ಸೊಸೆಯ ದೋಷಗಳ ಪಟ್ಟಿ ಬಿಚ್ಚಿದರು.

“ಐದು ವರ್ಷ ಆಯ್ತು, ಒಂದು ಮಗು ಇಲ್ಲ. ಹೋಗ್ಲಿ ಅಂದ್ರೆ ಒಂದು ತಿಂಗಳಿಂದ ಬುದ್ಧಿನೂ ಸರಿ ಇರ್ಲಿಲ್ಲ. ಕಾಫಿ ಬಿಟ್ಲು. ಕೋಸಂಬರಿಗೆ ಹಸಿ ಈರುಳ್ಳಿ ಹಾಕಿದ್ರೆ ತಟ್ಟೆ ತಳ್ಳೋಳು. ದೇವರ ಮುಂದೆ ಕರ್ಪೂರ ಹಚ್ಚಿದ್ರೆ ಎದ್ದು ಹಿತ್ಲಿಗೆ ಹೋಗಿ ನಿಲ್ಲೋಳು. ಕರ್ಪೂರ ಕಂಡ್ರೆ ಓಡೋದು ದೆವ್ವ ಕಣಮ್ಮ, ಸೊಸೆ ಅಲ್ಲ!”

ತನುಜಾ ನೋಟ್‌ಬುಕ್ ಮುಚ್ಚಿದಳು. ಕಾಫಿ ಇಲ್ಲ. ಹಸಿ ಈರುಳ್ಳಿ ಇಲ್ಲ. ಕರ್ಪೂರದ ವಾಸನೆ ಕೂಡದು. ಈ ಪಟ್ಟಿಯನ್ನು ಅವಳು ಚಿಕ್ಕಂದಿನಲ್ಲೇ ಕೇಳಿದ್ದಳು. ಅವಳಮ್ಮ ಉಬ್ಬಸಕ್ಕೆ ಸಕ್ಕರೆ ಮಾತ್ರೆ ನುಂಗುತ್ತಿದ್ದಷ್ಟು ದಿನ ಮನೆಯಲ್ಲಿ ಇವೆಲ್ಲ ಬಂದ್ ಆಗಿದ್ದವು. ಪಟ್ಟಿಯಲ್ಲಿ ಇನ್ನೊಂದು ಹೆಸರೂ ಇತ್ತು.

ಅವಳು ನೇರ ಜಗದಾಂಬಾಳ ಮನೆಗೆ ಹೋದಳು.

“ಮಧು ಹತ್ತಿರ ನೀಲಗಿರಿ ಎಣ್ಣೆ ಎಷ್ಟಿತ್ತು?”

“ಈಗ ಅವಳ ಹತ್ರ ಎಲ್ಲಿತ್ತು ಮೇಡಂ? ಹೋದ ತಿಂಗಳು ಇದ್ದದ್ದು ಒಂದೇ ಬಾಟ್ಲಿ, ತಂದು ನನಗೆ ಕೊಟ್ಲು. ‘ಮೂರು ತಿಂಗಳು ನೀನೇ ಇಟ್ಕೋ ಮಾರಾಯ್ತಿ, ಆಮೇಲೆ ತಗೋತೀನಿ’ ಅಂದ್ಲು. ಯಾಕೆ ಅಂದ್ರೆ ನಕ್ಕಳಷ್ಟೆ.”

“ಮತ್ತೆ ಆ ಮನೆಗೆ ಹೇಗೆ ಹೋಯ್ತು?”

“ಮೊನ್ನೆ ಸಂಜೆ ಧರ್ಮೇಂದ್ರನೇ ಬಂದಿದ್ರು. ‘ಮಧುಗೆ ನೆಗಡಿ, ಆವಿ ತಗೋಬೇಕಂತೆ, ಬಾಟ್ಲಿ ಕೊಡಿ’ ಅಂದ್ರು. ಕೊಟ್ಟೆ.” ಅವಳು ದನಿ ಇಳಿಸಿದಳು. “ಅತ್ತೆ ಮಗ ಸೇರಿ ಹೆಣ್ಣು ನೋಡ್ಕೊಂಡು ಬಂದ್ರು ಅಂತ ಸಾಲಿನವರೆಲ್ಲ ಆಡ್ಕೋತಿದ್ರು. ನಾನು ನಂಬಿರ್ಲಿಲ್ಲ.”

ಅತ್ತೆಯ ಕಣ್ಣು ತಪ್ಪಿಸಿ ಸೊಸೆ ಏನನ್ನಾದರೂ ಬಚ್ಚಿಡುವುದಾದರೆ ಎಲ್ಲಿ? ಮಧುಶ್ರೀಯ ಅಡುಗೆಮನೆಗೆ ವಾಪಸ್ ಬಂದು ತನುಜಾ ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿದಳು. ತಳದಲ್ಲಿ ಬಟ್ಟೆ ಸುತ್ತಿದ ಪುಟ್ಟ ಸೀಸೆ. ಒಳಗೆ ಬಿಳಿ ಮಾತ್ರೆಗಳು. ಚೀಟಿಯ ಮೇಲೆ ಶಿವಮೊಗ್ಗದ ಒಬ್ಬ ಡಾಕ್ಟರ ಹೆಸರು.

*

ಹೋಮಿಯೋಪತಿ ಡಾಕ್ಟರ್ ವಿಶ್ವಾರಾಧ್ಯರು ಸೀಸೆ ನೋಡಿ ಕನ್ನಡಕ ತೆಗೆದರು.

“ಮಗು ಬೇಕು ಅಂತ ಬಂದ್ಲು. ಅಪ್ಪನ್ನ ನೋಡೋಕೆ ಹೋಗ್ತೀನಿ ಅಂತ ಮನೇಲಿ ಹೇಳಿ ಬರೋಳು. ಅತ್ತೆಗೆ ಗೊತ್ತಾದ್ರೆ ‘ದೋಷ ಇರೋದಕ್ಕೇ ಔಷಧಿ’ ಅಂತಾರೆ, ಅದಕ್ಕೆ ಗಂಡನಿಗೂ ಹೇಳಿಲ್ಲ ಅಂದ್ಲು.”

“ಪಥ್ಯ ಏನು ಹೇಳಿದ್ರಿ?”

“ಕಾಫಿ, ಹಸಿ ಈರುಳ್ಳಿ, ಕರ್ಪೂರ, ಲವಂಗದ ಎಣ್ಣೆ, ನೀಲಗಿರಿ ಎಣ್ಣೆ. ಮೂರು ತಿಂಗಳು ಮೂಸಿ ಕೂಡ ನೋಡಬಾರದು ಅಂದಿದ್ದೆ. ನನಗಿಂತ ಅವಳೇ ಕಟ್ಟುನಿಟ್ಟು. ಬಸ್ಸಲ್ಲಿ ಪಕ್ಕದೋರು ತಲೆನೋವಿನ ಮುಲಾಮು ಹಚ್ಕೊಂಡ್ರು ಅಂತ ಸೀಟು ಬಿಟ್ಟು ನಿಂತ್ಕೊಂಡು ಬಂದಿದ್ಲು.”

ತನುಜಾ ಹೇಳಿಕೆಗೆ ಸಹಿ ಹಾಕಿಸಿಕೊಂಡಳು. ಠಾಣೆಗೆ ಫೋನ್ ಮಾಡಿ ಎರಡು ಕೆಲಸ ಹೇಳಿದಳು. ಶಂಕರಮ್ಮನನ್ನು ಕರೆತರಬೇಕು. ರಂಗಪ್ಪನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆತರಬೇಕು, ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು.

*

ಆಸ್ಪತ್ರೆಯ ಪಡಸಾಲೆ. ಧರ್ಮೇಂದ್ರ ಗಡಿಯಾರ ನೋಡಿಕೊಂಡ.

“ಬಾಟ್ಲಿ ಯಾವಾಗ ಬಂತು ಮನೆಗೆ?” ತನುಜಾ ಕೇಳಿದಳು.

“ಅದು ಯಾವಾಗ್ಲೂ ಮನೇಲೇ ಇರುತ್ತೆ ಮೇಡಂ. ಮಾವ ಕಳಿಸ್ತಾರೆ.”

“ಮೊನ್ನೆ ಸಂಜೆ ಜಗದಾಂಬಾ ಹತ್ತಿರ ಇಸ್ಕೊಂಡಿದ್ದು ಯಾವ ಬಾಟ್ಲಿ?”

“ಮಧುನೇ ತಾ ಅಂದ್ಲು. ನೆಗಡಿ…”

“ಸುಳ್ಳು. ಒಂದು ತಿಂಗಳಿಂದ ನಿನ್ನ ಹೆಂಡತಿ ಆ ಎಣ್ಣೆ ಮೂಸೂ ನೋಡಿಲ್ಲ. ನಿನಗೆ ಮಗು ಹೆರಬೇಕು ಅಂತ ಕದ್ದು ಮಾತ್ರೆ ನುಂಗ್ತಿದ್ಲು. ಆ ಮಾತ್ರೆಗೂ ನೀಲಗಿರಿಗೂ ಆಗಲ್ಲ. ನಿನಗೆ ಗೊತ್ತೇ ಇರ್ಲಿಲ್ಲ. ಅವಳ ಹಳೇ ಅಭ್ಯಾಸ ನೆಚ್ಚಿಕೊಂಡು ಕಥೆ ಕಟ್ಟಿದೆ.”

ಧರ್ಮೇಂದ್ರ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಮಂಜಪ್ಪ ನಿಂತಿದ್ದರು. ಈ ಸಲ ಅವರು ಕೆಮ್ಮಲಿಲ್ಲ.

“ಕಂಬಳಿ ಹೊದ್ದು ಕೂತಿದ್ಲು ಅಂತೀರಿ. ಕಂಬಳಿ ಒಂದೆಳೆ ಸುಟ್ಟಿಲ್ಲ. ಪಾತ್ರೆ ಮೇಲೆ ಬಗ್ಗಿದ್ಲು ಅಂತೀರಿ. ಮುಖಕ್ಕೆ ಏನೂ ಆಗಿಲ್ಲ, ಬೆನ್ನು ಬೆಂದಿದೆ. ಎಣ್ಣೆ ಭಗ್ ಅಂತು ಅಂತೀರಿ. ಉರಿದುಹೋಗಬೇಕಿದ್ದ ಎಣ್ಣೆ ನಾನು ಬಂದಾಗಲೂ ನೆಲದ ಮೇಲೆ ಹಸಿಯಾಗಿತ್ತು. ಯಾಕೆ? ಬೆಂಕಿ ಆರಿದ ಮೇಲೆ ಸುರಿದಿದ್ದು ಅದು. ಸೀಮೆಎಣ್ಣೆ ವಾಸನೆ ಮುಚ್ಚೋಕೆ. ಸುರಿದಿದ್ದು ನಿನ್ನ ತಾಯಿ. ಹಿಂದಿನಿಂದ ಸೀಮೆಎಣ್ಣೆ ಎರಚಿ ಕಡ್ಡಿ ಗೀರಿದ್ದು ನೀನು. ಸುಟ್ಟ ಸೀರೆ ಪರೀಕ್ಷೆಗೆ ಹೋಗಿದೆ. ಅದರ ಮೇಲೆ ಯಾರೂ ನೀಲಗಿರಿ ಸುರಿದಿಲ್ಲ.”

“ಐದು ವರ್ಷ ಕಾದಿದ್ದೀನಿ ಮೇಡಂ!” ಅವನು ಒಮ್ಮೆಲೇ ಕೂಗಿದ. “ವಂಶ ಬೇಡ್ವಾ ನಮಗೆ?”

ಪಶ್ಚಾತ್ತಾಪವಿಲ್ಲ, ನಾಚಿಕೆಯಿಲ್ಲ. ನ್ಯಾಯ ಕೇಳುವವನ ಹಾಗೆ ಕೇಳಿದ. ತನುಜಾಳ ಕೈ ಎದ್ದಿತ್ತು, ಹೇಗೋ ತಡೆದುಕೊಂಡಳು.

“ಬೇಡಿ ಹಾಕಿ ಮಂಜಪ್ಪನೋರೆ.”

*

ಹೇಳಿಕೆ ಬರೆದುಕೊಳ್ಳಲು ತಹಶೀಲ್ದಾರರು ಬಂದರು. ಮಧುಶ್ರೀ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

“ನಾನು ಹೇಳಿದ್ರೆ ಅಪ್ಪನ್ನ ಬಿಡಲ್ಲ,” ಎಂದಳು ಕೊನೆಗೆ. “ಆಕಸ್ಮಿಕ ಅಂದ್ರೆ ದೂರು ವಾಪಸ್ ತಗೋತೀನಿ, ಇಲ್ದಿದ್ರೆ ನಿಮ್ಮಪ್ಪ ಜೈಲಲ್ಲೇ ಸಾಯ್ತಾನೆ ಅಂದಿದಾರೆ.”

ಎಳನೀರಿನ ಜೊತೆ ಅವನು ಕುಡಿಸುತ್ತಿದ್ದದ್ದು ಇದನ್ನು. ತನುಜಾ ಪರದೆ ಸರಿಸಿದಳು. ಬಾಗಿಲಲ್ಲಿ ರಂಗಪ್ಪ ನಿಂತಿದ್ದ.

“ನನ್ನ ಬಿಟ್ಟಿದಾರೆ ಮಗಾ,” ಎಂದ. “ಧೈರ್ಯವಾಗಿ ಹೇಳು.”

ಮಧುಶ್ರೀ ಹೇಳಿದಳು. ಒಂದೂ ಬಿಡದೆ ಹೇಳಿದಳು. ಸೀಮೆಎಣ್ಣೆ ತಣ್ಣಗೆ ಬೆನ್ನಿಗೆ ಬಿದ್ದದ್ದು, ತಿರುಗಿ ನೋಡಿದರೆ ಗಂಡ, ಅವನ ಹಿಂದೆ ಮುಂಬಾಗಿಲಿಗೆ ಚಿಲಕ ಹಾಕುತ್ತಿದ್ದ ಅತ್ತೆ. ತಹಶೀಲ್ದಾರರ ಪೆನ್ನು ಎರಡು ಸಲ ನಿಂತಿತು. ಮುಗಿದ ಮೇಲೆ ಅವರು ಫಾರಂ ತಿರುಗಿಸಿ ಮೊದಲ ಪುಟದಲ್ಲಿ ಖಾಲಿ ಉಳಿದಿದ್ದ ಜಾಗ ತುಂಬಲು ಹೊರಟರು.

“ತಂದೆ ಅಥವಾ ಗಂಡನ ಹೆಸರು ಅಂತಿದೆ. ಮದುವೆಯಾದವರಿಗೆ ಗಂಡನ ಹೆಸರು ಹಾಕೋದು ವಾಡಿಕೆ. ಹಾಕ್ಲಾ ಅಮ್ಮಾ?”

“ತಂದೆ ರಂಗಪ್ಪ ಅಂತ ಬರೀರಿ ಸಾರ್,” ಎಂದಳು ಮಧುಶ್ರೀ. “ಅವನ ಹೆಸರು ಆರೋಪಿ ಅಂತ ಒಂದು ಸಲ ಬರೆದಿದ್ದೀರಲ್ಲ. ಅಷ್ಟು ಸಾಕು.”